ದೇವಿಮನೆ ಘಟ್ಟಕ್ಕಾಗಿ ಮುಂದಿನ ಸ್ಪ್ರಾಕೆಟ್ 15ರಿಂದ 14ಕ್ಕೆ ಇಳಿಸಬಹುದೇ?

ನಿಮ್ಮದು 150 ಸಿಸಿ ಗಾಡಿ, ಮುಂದಿನ ಸ್ಪ್ರಾಕೆಟಿಗೆ (ಚೈನ್ ಕೂರುವ ಹಲ್ಲುಚಕ್ರ) 15 ಹಲ್ಲು, ಹಿಂದಿನದಕ್ಕೆ 45. ಕುಮಟಾದಿಂದ ಶಿರಸಿಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟರೆ ದೇವಿಮನೆ ಘಟ್ಟದಲ್ಲಿ ಮೂರನೇ ಗೇರ್ ಎಳೆಯುವುದಿಲ್ಲ, ಆಗಾಗ ಹೆದ್ದಾರಿಯಲ್ಲಿ ಕಾರವಾರಕ್ಕೂ ಹೋಗಬೇಕು. ಮುಂದೆ 14 ಹಾಕಲೋ, ಹಿಂದೆ 48 ಹಾಕಲೋ ಎಂದು ಕೇಳಿದ್ದೀರಿ.

ಮುಂದೆ 14 ಹಾಕಿ, ಹಿಂದಿನದನ್ನು ಮುಟ್ಟಬೇಡಿ. 45ನ್ನು 15ರಿಂದ ಭಾಗಿಸಿದರೆ 3.00, 14ರಿಂದ ಭಾಗಿಸಿದರೆ 3.21. ಅಂದರೆ ಎಳೆತ ಸುಮಾರು 7% ಹೆಚ್ಚು. ಹಿಂದೆ 48 ಹಾಕಿದರೂ 3.20, ಹೆಚ್ಚುಕಡಿಮೆ ಅದೇ. ಆದರೆ ಹಿಂದೆ ಮೂರು ಹಲ್ಲು ಹೆಚ್ಚಾದರೆ ಚಕ್ರ 9–10 ಮಿಮೀ ಮುಂದೆ ಬರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಚೈನೇ ಉದ್ದ ಬೇಕು. ಮುಂದೆ ಒಂದು ಹಲ್ಲು ಕಡಿಮೆಯಾದರೆ ಚಕ್ರ 3 ಮಿಮೀ ಹಿಂದೆ ಸರಿದರೆ ಸಾಕು. ಇಷ್ಟವಾಗದಿದ್ದರೆ ಹಳೆಯದನ್ನು ವಾಪಸ್ ಹಾಕುವುದೂ ಸುಲಭ.

ಈ 7% ಎಲ್ಲ ಗೇರಿಗೂ ಒಂದೇ ಸಮ ಸಿಗುತ್ತದೆ. ಎರಡನೇ ಮತ್ತು ಮೂರನೇ ಗೇರಿನ ನಡುವಿನ ಅಂತರ ಸಾಮಾನ್ಯವಾಗಿ ಇದರ ನಾಲ್ಕೈದು ಪಟ್ಟು, ಅದು ಸ್ಪ್ರಾಕೆಟ್ ಬದಲಿಸಿದರೆ ಕಡಿಮೆಯಾಗುವುದಿಲ್ಲ. ಆದ್ದರಿಂದ ಒಮ್ಮೆ ಗಮನಿಸಿ: ಏರಿನಲ್ಲಿ ಮೂರನೇ ಗೇರಿನಲ್ಲಿ ವೇಗ ನಿಧಾನಕ್ಕೆ ಇಳಿಯುತ್ತದೆಯೋ, ಅಥವಾ ಹಾಕಿದ ಕೂಡಲೇ ಎಂಜಿನ್ ಗುದ್ದಲು ಶುರುವಾಗುತ್ತದೆಯೋ? ಮೊದಲನೆಯದಾದರೆ 14 ನಿಮಗೆ ಸರಿ. ಎರಡನೆಯದಾದರೆ 14 ಹಾಕಿದರೂ ಎರಡನೇ ಗೇರೇ ಗತಿ ಮಾರಾಯ್ರೇ. ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿದೆಯೇ, ಕ್ಲಚ್ ಜಾರುತ್ತಿದೆಯೇ ಎಂದು ಮೊದಲೇ ನೋಡಿ. ಹಿಂದೆ 100/90-17 ಬದಲು ಶೋಕಿಗೆ 110/90-17 ಟೈರ್ ಹಾಕಿಸಿದ್ದರೆ ಅಲ್ಲೇ ಸುಮಾರು 3% ಎಳೆತ ಹೋಗಿದೆ.

ಚೈನ್ ಹಳೆಯದಾಗಿದ್ದರೆ ಹೊಸ ಸ್ಪ್ರಾಕೆಟ್ ಒಂದನ್ನೇ ಹಾಕಬೇಡಿ. 428 ಅಳತೆಯ ಚೈನಿನ 20 ಕೊಂಡಿಯನ್ನು ಬಿಗಿಯಾಗಿ ಎಳೆದು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. ಹೊಸತಾದರೆ 254 ಮಿಮೀ. 259ರ ಹತ್ತಿರ ಬಂದಿದ್ದರೆ ಪೂರ್ತಿ ಸೆಟ್ಟೇ ಬೇಕು, ಇಲ್ಲದಿದ್ದರೆ ಹಿಗ್ಗಿದ ಚೈನ್ ಹೊಸ ಹಲ್ಲನ್ನು ಕೊಕ್ಕೆಯ ಹಾಗೆ ಸವೆಸುತ್ತದೆ. ಅಂಗಡಿಗೆ ಹಳೆಯ ಸ್ಪ್ರಾಕೆಟ್ ಒಯ್ಯಿರಿ; ಶಾಫ್ಟಿಗೆ ಕೂರುವ ಒಳಗಿನ ಹಲ್ಲುಗಳ ಸಂಖ್ಯೆ, ದಪ್ಪ, ಬೋಲ್ಟಿನ ತೂತು ಎಲ್ಲ ಕೂಡಿಬರಬೇಕು.

ಬಿಚ್ಚುವಾಗ ಕ್ರಮ ತಪ್ಪಬೇಡಿ. ಚೈನ್ ಮೇಲಿರುವಾಗಲೇ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರಲಿ, ಮುಂದಿನ ಸ್ಪ್ರಾಕೆಟಿನ ಬೋಲ್ಟು ಅಥವಾ ನಟ್ಟು ಸಡಿಲಿಸಿ. ಆಮೇಲೆ ಆಕ್ಸಲ್ ನಟ್ಟು. ಮೊದಲೇ ಚೈನ್ ತೆಗೆದರೆ ಶಾಫ್ಟ್ ಸುಮ್ಮನೆ ತಿರುಗುತ್ತದೆ. ಕೂಡಿಸುವಾಗ ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಎರಡೂ ಕಡೆಯ ಅಡ್ಜಸ್ಟರ್ ಗುರುತು ಒಂದೇ ಆಗಿರಬೇಕು. ಚೈನ್ ಸಡಿಲ ಎಷ್ಟಿರಬೇಕೆಂದು ಗಾಡಿಯ ಕೈಪಿಡಿಯಲ್ಲಿದೆ, ಹೆಚ್ಚಿನ ಗಾಡಿಗಳಿಗೆ 20–30 ಮಿಮೀ. ಚಕ್ರ ತಿರುಗಿಸಿ ಅತಿ ಬಿಗಿ ಇರುವ ಜಾಗದಲ್ಲೇ ಅಳೆಯಿರಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದೆ ಸರಿದ ಕೂಡಲೇ ರಾಡ್ ಬಿಗಿಯಾಗಿ ಬ್ರೇಕ್ ಹಿಡಿಯುತ್ತದೆ. ಅದನ್ನು ಸಡಿಲಿಸದೆ ಘಟ್ಟಕ್ಕೆ ಹೋದವರು "ಸ್ಪ್ರಾಕೆಟ್ ಬದಲಿಸಿದ ಮೇಲೆ ಇನ್ನೂ ಎಳೆಯುವುದಿಲ್ಲ" ಎನ್ನುತ್ತಾರೆ.

ಕಳೆದುಕೊಳ್ಳುವುದು ಹೆದ್ದಾರಿಯಲ್ಲಿ. ಈಗ ಟಾಪ್ ಗೇರಿನಲ್ಲಿ 80ಕ್ಕೆ 6500 ಆರ್‌ಪಿಎಂ ಇದ್ದರೆ ಅದು 6960 ಆಗುತ್ತದೆ. ಅಂಕೋಲಾ ದಾಟಿ ಕಾರವಾರದ ಕಡೆ ಒಂದೇ ಸಮ ಓಡಿಸುವಾಗ ಹ್ಯಾಂಡಲಿನ ನಡುಕ ಗೊತ್ತಾಗುತ್ತದೆ, ಪೆಟ್ರೋಲೂ ತುಸು ಹೆಚ್ಚು ಕುಡಿಯುತ್ತದೆ. ಘಟ್ಟ ಇಳಿಯುವಾಗ ಮಾತ್ರ ಲಾಭ, ಎಂಜಿನ್ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಮುಂದಿನದನ್ನು 13ಕ್ಕೆ ಇಳಿಸುವ ಆಸೆ ಬೇಡ: ಚೈನ್ ತೀರಾ ಬಾಗಿ ಬೇಗ ಸವೆಯುತ್ತದೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲಿನ ರಬ್ಬರನ್ನೂ ಉಜ್ಜುತ್ತದೆ. ಮಳೆಗಾಲದಲ್ಲಿ ಘಟ್ಟದ ಕೆಂಪು ರಾಡಿ, ಕರಾವಳಿಯ ಉಪ್ಪುಗಾಳಿ ಎರಡೂ ಚೈನಿಗೆ ಶತ್ರು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಚೈನ್ ಬಿಸಿ ಇರುವಾಗಲೇ 90 ನಂಬರಿನ ಗೇರ್ ಆಯಿಲ್ ಹಚ್ಚಿ.

ಇನ್ನು ಮೀಟರ್. ಸ್ಪೀಡೋ ಕೇಬಲ್ ಅಥವಾ ಸೆನ್ಸರ್ ಮುಂದಿನ ಚಕ್ರದಲ್ಲಿದ್ದರೆ ಏನೂ ಬದಲಾಗದು. ಗೇರ್‌ಬಾಕ್ಸಿನಿಂದ ಓದುವ ಗಾಡಿಯಾದರೆ 100 ಕಿಮೀ ಓಡಿದ್ದಕ್ಕೆ 107 ತೋರಿಸುತ್ತದೆ. ಮೈಲೇಜ್ ಲೆಕ್ಕ ಹಾಕುವಾಗ ಅಷ್ಟನ್ನು ಕಳೆಯಿರಿ.