ತಲೆಗೆ ಪೆಟ್ಟಾದ ಮೇಲೆ ನೆನಪು ಚುರುಕಾಗಲು ಯಾವ ಆ್ಯಪ್ ಒಳ್ಳೆಯದು?

ಬೈಕಿನಿಂದ ಬಿದ್ದ ತಮ್ಮನಿಗೆ ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಯಾವ ಮೆಮೊರಿ ಗೇಮ್ ಆಡಿಸಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ ಮಾರಾಯ್ರೇ. ನನ್ನ ಅಣ್ಣನಿಗೂ ಹೀಗೇ ಆಗಿತ್ತು. ಮೊಬೈಲಿನಲ್ಲಿ ಜೋಡಿ ಚಿತ್ರ ಹುಡುಕುವುದರಲ್ಲಿ ಪಳಗಿದ, ಫಿಟ್ಸ್ ಮಾತ್ರೆ ನುಂಗುವುದು ಮಾತ್ರ ನೆನಪಾಗಲಿಲ್ಲ. ಆಟ ಆಡಿದರೆ ಆಟ ಬರುತ್ತದೆ, ಅಷ್ಟೇ.

ಅದಕ್ಕಿಂತ ಹೆಚ್ಚು ಹಾಳು ಮಾಡಿದ್ದು ಮನೆಯವರ ಪರೀಕ್ಷೆ. ನೋಡಲು ಬಂದವರೆಲ್ಲ "ನಾನು ಯಾರು ಹೇಳು? ಯೋಚನೆ ಮಾಡಿ ಹೇಳು" ಅನ್ನುವುದು. ಫಿಸಿಯೋ ಮಾಡಿಸಲು ಬರುತ್ತಿದ್ದ ಸುಜಾತಾ ಅವರನ್ನು ಅಣ್ಣ ಊಹೆಯ ಮೇಲೆ ಸುಮಿತ್ರಾ ಅಂದ. ಎಷ್ಟು ತಿದ್ದಿದರೂ ಮರುದಿನವೂ ಸುಮಿತ್ರಾ, ಆಮೇಲೂ ಸುಮಿತ್ರಾ. ಕಾರಣ ಇದೆ. ನಾವು ತಪ್ಪಿದರೆ, ತಪ್ಪಿದ್ದೇವೆ ಎಂಬ ನೆನಪೇ ಮುಂದಿನ ಸಲ ತಡೆಯುತ್ತದೆ. ಪೆಟ್ಟಾದವರಲ್ಲಿ ಕೆಟ್ಟಿರುವುದು ಆ ನೆನಪೇ. ಬಾಯಿಗೆ ಬಂದ ಹೆಸರಿನ ರೂಢಿ ಮಾತ್ರ ಉಳಿಯುತ್ತದೆ, ತಿದ್ದಿದ್ದು ಉಳಿಯುವುದಿಲ್ಲ. ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲೇ ಇದನ್ನು ತೋರಿಸಿದ್ದಾರೆ. ತಪ್ಪಿಗೆ ಎಡೆಗೊಡದೆ ಕಲಿಸುವ ಈ ಕ್ರಮಕ್ಕೆ ಎರರ್‌ಲೆಸ್ ಲರ್ನಿಂಗ್ ಅನ್ನುತ್ತಾರೆ.

ಹಾಗಾಗಿ ಉತ್ತರವನ್ನು ನೀವೇ ಮೊದಲು ಹೇಳಿ: "ಇವರು ಸುಜಾತಾ." ತಮ್ಮನಿಂದ ಹೇಳಿಸಿ. 30 ಸೆಕೆಂಡ್ ಬಿಟ್ಟು ಕೇಳಿ, ಸರಿ ಬಂದರೆ 1 ನಿಮಿಷ, ಆಮೇಲೆ 2, 4, 8. "ಗೊತ್ತಿಲ್ಲದಿದ್ದರೆ ಊಹಿಸಬೇಡ" ಅಂತ ಮೊದಲೇ ಹೇಳಿಡಿ. ತಡವರಿಸಿದರೆ ತಕ್ಷಣ ಉತ್ತರ ಕೊಟ್ಟು, ಸರಿ ಹೇಳಿದ್ದ ಹಿಂದಿನ ಅಂತರಕ್ಕೆ ಮರಳಿ. ಟಿವಿ ಆರಿಸಿರಬೇಕು. ಕಣ್ಣು ಎಳೆಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಪೆಟ್ಟಾದ ಮಿದುಳು ಬೇಗ ದಣಿಯುತ್ತದೆ, ದಣಿದಾಗಲೇ ತಪ್ಪು ನುಸುಳುವುದು.

ನೆನಪಿನಲ್ಲಿ ಉಳಿಯಲೇಬೇಕಾದ್ದು ಕಡಿಮೆ. ಉಳಿದದ್ದೆಲ್ಲ ಪುಸ್ತಕಕ್ಕೆ, ಒಂದೇ ಪುಸ್ತಕಕ್ಕೆ. ಚೀಟಿಗಳು ಬೇಡ, ಕಳೆದುಹೋಗುತ್ತವೆ. ಅಲಾರಂ ಹೊಡೆದಾಗ ಪುಸ್ತಕ ತೆರೆಯುವುದು, ಓದುವುದು, ಮಾತ್ರೆ ನುಂಗುವುದು, ಟಿಕ್ ಹಾಕುವುದು. ಟಿಕ್ ಇಲ್ಲದಿದ್ದರೆ ಅದೇ ಮಾತ್ರೆ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಬರೀ ಅಲಾರಂ ಇಟ್ಟರೆ ಅದನ್ನು ಆಫ್ ಮಾಡಿ ಸುಮ್ಮನಾಗುತ್ತಾರೆ. ಈ ಸರಪಳಿಯನ್ನೂ ಮೇಲಿನ ಹಾಗೆಯೇ, ಕೈ ಹಿಡಿದು, ತಪ್ಪಲು ಬಿಡದೆ ಕಲಿಸಿ.

ಬಸ್ಸಿನಲ್ಲಿ ಹೋಗುವುದನ್ನು ಕೊನೆಯಿಂದ ಕಲಿಸಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಹತ್ತಿ ಹಂಪನಕಟ್ಟೆ, ಜ್ಯೋತಿ ದಾಟುವವರೆಗೆ ಎಲ್ಲ ನೀವೇ ಹೇಳಿಕೊಡಿ, ಕಂಕನಾಡಿಯಲ್ಲಿ ಇಳಿಯುವುದೊಂದನ್ನು ಅವರಿಗೆ ಬಿಡಿ. ಅದು ರೂಢಿಯಾದ ಮೇಲೆ ಅದರ ಹಿಂದಿನ ಹೆಜ್ಜೆ.

ಆ್ಯಪಿನ ದುಡ್ಡಿನಲ್ಲಿ ಒಮ್ಮೆ ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಮಿದುಳಿನ ಯಾವ ಶಕ್ತಿ ಎಷ್ಟು ಕುಂದಿದೆ ಎಂದು ನೋಡುವ ಪರೀಕ್ಷೆ, ಮಾಡಿಸಿ. ಕ್ಲಿನಿಕಲ್ ಸೈಕಾಲಜಿ, ದಿನದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿ ಎರಡೂ ಮಣಿಪಾಲದಲ್ಲೇ ಇವೆ. ಗಮನ, ನೆನಪು, ಯೋಜನೆ ಮೂರನ್ನೂ ಬೇರೆಬೇರೆಯಾಗಿ ನೋಡಲು ಕೇಳಿ. ಗಮನ ನಿಲ್ಲದೆ ಮಾತು ಕಿವಿಗೇ ಬಿದ್ದಿರದಿದ್ದರೆ ಅದೂ ಮರೆವಿನ ಹಾಗೆಯೇ ಕಾಣುತ್ತದೆ. ದಿನವಿಡೀ ಸುಮ್ಮನೆ ಕೂರುವುದನ್ನು ಸೋಮಾರಿತನ ಅನ್ನಬೇಡಿ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಎಷ್ಟೋ ಸಲ ಕೆಲಸ ಗೊತ್ತಿದ್ದರೂ ತಾವಾಗಿ ಶುರು ಮಾಡಲು ಆಗುವುದಿಲ್ಲ. ಯಾರಾದರೂ "ಈಗ ಏಳು" ಅಂದರೆ ಏಳುತ್ತಾರೆ.