ಚೆಸ್ ಗ್ರ್ಯಾಂಡ್‌ಮಾಸ್ಟರ್ ಆರ್. ಬಿ. ರಮೇಶ್ ಕೋಚ್ ಆಗಿ ಯಾಕಿಷ್ಟು ಹೆಸರುವಾಸಿ?

ಚೆನ್ನೈನ ರಮೇಶ್ 2002ರಲ್ಲಿ ಬ್ರಿಟಿಷ್ ಚಾಂಪಿಯನ್, 2003ರಲ್ಲಿ ಗ್ರ್ಯಾಂಡ್‌ಮಾಸ್ಟರ್. ಚೆಸ್‌ನ ಈ ಅತ್ಯುನ್ನತ ಪಟ್ಟಕ್ಕೆ 2500 ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕ) ಮುಟ್ಟಬೇಕು. ಜೊತೆಗೆ ಒಟ್ಟು 27 ಆಟಗಳಾದರೂ ಆಗುವಷ್ಟು, 2600 ಮಟ್ಟದ ನಾರ್ಮ್‌ಗಳು (ಒಂದು ಟೂರ್ನಿಯಲ್ಲಿ ಆ ಮಟ್ಟದ ಆಟ ಆಡಿದ್ದಕ್ಕೆ ಸಿಗುವ ಮಾನ್ಯತೆ) ಬೇಕು. ಇಷ್ಟೆಲ್ಲ ದಾಟಿದವರು 2008ರಲ್ಲಿ ಪತ್ನಿ ಆರತಿ ರಾಮಸ್ವಾಮಿ ಜೊತೆ ಚೆಸ್ ಗುರುಕುಲ ಎಂಬ ತರಬೇತಿ ಶಾಲೆ ಶುರುಮಾಡಿದರು. ಪ್ರಜ್ಞಾನಂದ, ವೈಶಾಲಿ, ಅರವಿಂದ್ ಚಿದಂಬರಂ ಅವರ ಕೈಯಲ್ಲಿ ಪಳಗಿದವರು.

ಅವರ ಪಾಠದ ಜೀವಾಳ ಲೆಕ್ಕಾಚಾರ. ಕಾಯಿ ಮುಟ್ಟದೆ ನಡೆಗಳನ್ನು ತಲೆಯಲ್ಲೇ ಕೊನೆತನಕ ಓಡಿಸಬೇಕು. ಓಪನಿಂಗ್ (ಆಟದ ಆರಂಭದ ನಡೆಗಳು) ಬಾಯಿಪಾಠ ಮಾಡಿದ ಮಕ್ಕಳು ಎಡವುವುದೇ ಇಲ್ಲಿ: ತಮ್ಮ ಕುದುರೆ ಚೆಕ್ ಕೊಡುವುದು ಕಾಣುತ್ತದೆ, ಆಮೇಲೆ ಎದುರಾಳಿಯ ರಾಜ ಯಾವ ಮನೆಗೆ ಸರಿಯುತ್ತಾನೆ ಅನ್ನುವುದು ಕಾಣುವುದಿಲ್ಲ. ಈ ಅಭ್ಯಾಸ ಬೇಗ ತಿದ್ದಿದಷ್ಟೂ ಒಳ್ಳೆಯದು.

2022ರ ಚೆನ್ನೈ ಚೆಸ್ ಒಲಿಂಪಿಯಾಡ್‌ನಲ್ಲಿ (ದೇಶಗಳ ತಂಡಗಳ ಟೂರ್ನಿ) ಅವರು ತರಬೇತಿ ಕೊಟ್ಟ ಭಾರತ ‘ಬಿ’ ತಂಡ ಓಪನ್ ವಿಭಾಗದಲ್ಲಿ ಕಂಚು ಗೆದ್ದಿತು.