ಹಾಯಿ ದೋಣಿಯಲ್ಲಿ ಸುತ್ತಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವಿಬ್ಬರು ಗೆಳೆಯರು ಸೇರಿ ಹದಿನಾಲ್ಕು ಅಡಿಯ ಹಾಯಿ ದೋಣಿ ಕೊಂಡಿದ್ದೇವೆ. ಓಡಿಸುವುದು ಕಲಿತಾಗಿದೆ. ಜನವರಿಯಲ್ಲಿ ಮೀನಾಕ್ಷಿಪುರದಿಂದ ಕೆಆರ್‌ಎಸ್ ಹಿನ್ನೀರಿನಲ್ಲಿ ಪಶ್ಚಿಮಕ್ಕೆ 12 ಕಿ.ಮೀ. ಹೋಗಿ ಅದೇ ದಿನ ವಾಪಸಾಗುವ ಆಸೆ. ದೋಣಿ ಗಂಟೆಗೆ ಐದೂವರೆ ಕಿ.ಮೀ. ಹೋಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಹೊರಟರೆ ಸಾಕಲ್ಲವೇ?
– ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ಜನವರಿಯಲ್ಲಿ ನಮ್ಮ ಕಡೆ ಬೀಸುವುದು ಮೂಡಣ ಗಾಳಿ. ಹೋಗುವಾಗ ಅದು ಬೆನ್ನಿಗಿರುತ್ತದೆ, ದೋಣಿ ತಾನಾಗಿಯೇ ಓಡುತ್ತಿದೆ ಅನ್ನಿಸುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿ ದೋಣಿಯೂ ಸಾಗದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಲವತ್ತೈದು ಡಿಗ್ರಿ ಓರೆಯಾಗಿ ಟ್ಯಾಕ್ ಮಾಡುತ್ತ ಬರಬೇಕು. 12 ಕಿ.ಮೀ. ಹಾದಿ ಹೀಗೆ ಸುಮಾರು 17 ಕಿ.ಮೀ. ಆಗುತ್ತದೆ. ಅಲೆಗೆ ಎದುರಾಗಿ ಬಡಿಸಿಕೊಳ್ಳುವುದರಿಂದ ವೇಗವೂ ಇಳಿಯುತ್ತದೆ, ಗಂಟೆಗೆ 4.6 ಕಿ.ಮೀ. ಎಂದಿಟ್ಟುಕೊಳ್ಳಿ. ಅಲ್ಲಿಗೆ ಹೋಗಲು 2 ಗಂಟೆ 10 ನಿಮಿಷ, ಬರಲು 3 ಗಂಟೆ 40 ನಿಮಿಷ.

ಈಗ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸು, ಆದರೆ ಗಾಳಿ ಅದಕ್ಕೂ ಮೊದಲೇ ಬೀಳುತ್ತದೆ. ಐದಕ್ಕೆ ದಡದಲ್ಲಿರಬೇಕು. ತಡವಾದೀತೆಂದು ಬರುವ ಸಮಯಕ್ಕೆ ಅದರ ಅರ್ಧ ಸೇರಿಸಿದರೆ ಐದೂವರೆ ಗಂಟೆ. ಅಂದರೆ ಹನ್ನೊಂದೂವರೆಗೆ ಎಲ್ಲಿದ್ದರೂ ದೋಣಿ ತಿರುಗಿಸಲೇಬೇಕು. ಒಂಬತ್ತೂವರೆಗೆ ಹೊರಟ ನೀವು ಗುರಿ ಮುಟ್ಟುವುದೇ ಹನ್ನೊಂದು ನಲವತ್ತಕ್ಕೆ. ಬೇಗ ಹೊರಡೋಣ ಎಂದರೆ ಬಿಸಿಲೇರುವವರೆಗೆ ಗಾಳಿಯೇ ಇರುವುದಿಲ್ಲ, ಹುಟ್ಟು ಹಾಕಬೇಕಾಗುತ್ತದೆ. ದೂರವನ್ನು 10 ಕಿ.ಮೀ.ಗೆ ಇಳಿಸಿ, ಆಗ ತಿರುಗುವ ಹೊತ್ತು ಹನ್ನೆರಡು ಇಪ್ಪತ್ತು, ಊಟಕ್ಕೂ ಬಿಡುವು ಸಿಗುತ್ತದೆ. ಇನ್ನೂ ಒಳ್ಳೆಯದು, ಮೊದಲ ಪ್ರವಾಸಕ್ಕೆ ಉತ್ತರ ದಡದ ಹೊಸ ಕನ್ನಂಬಾಡಿ ದಿಕ್ಕನ್ನು ಆರಿಸಿಕೊಳ್ಳಿ. ಹೋಗುವಾಗಲೂ ಬರುವಾಗಲೂ ಗಾಳಿ ಹೆಚ್ಚುಕಡಿಮೆ ಅಡ್ಡಕ್ಕೆ ಸಿಗುತ್ತದೆ, ಎರಡೂ ಕಡೆಗೆ ಹಿಡಿಯುವ ಸಮಯ ಒಂದೇ.

ಜೂನ್‌ನಿಂದ ಆಗಸ್ಟ್‌ವರೆಗೆ ಇದೆಲ್ಲ ತಿರುಗುಮುರುಗು. ಪಡುವಣ ಗಾಳಿ ಜೋರು. ಕಷ್ಟದ ದಾರಿ ಮೊದಲೇ ಮುಗಿದು, ವಾಪಸ್ ಬರುವುದು ಸುಲಭ. ಕೇಳಲು ಚೆನ್ನಾಗಿದೆ, ಆದರೆ ಚುಕ್ಕಾಣಿ ಮುರಿದರೆ ಗಾಳಿ ನಿಮ್ಮನ್ನು ತಳ್ಳುವುದು ಪೂರ್ವಕ್ಕೆ, ಅಂದರೆ ಅಣೆಕಟ್ಟೆಯ ಕಡೆಗೆ. ಗೇಟು ತೆರೆಯುವ ಕಾಲವೂ ಅದೇ. ಆ ತಿಂಗಳುಗಳಲ್ಲಿ ಹೊಸಬರು ಇಳಿಯದಿರುವುದೇ ವಾಸಿ. ಯಾವ ಕಾಲದಲ್ಲೇ ಆಗಲಿ ಕಟ್ಟೆಯ ಹತ್ತಿರ ಸುಳಿಯುವಂತಿಲ್ಲ. ಜಲಾಶಯ ಕಾವೇರಿ ನೀರಾವರಿ ನಿಗಮದ್ದು, ಅನುಮತಿ ಪತ್ರ ಕೈಲಿಟ್ಟುಕೊಂಡೇ ನೀರಿಗಿಳಿಯಿರಿ.

ಮಂಡ್ಯ, ಮೈಸೂರಿನ ಪತ್ರಿಕೆಗಳಲ್ಲಿ ದಿನವೂ ಬರುವ ಕೆಆರ್‌ಎಸ್ ಮಟ್ಟ ರೈತರಿಗೆಷ್ಟು ಮುಖ್ಯವೋ ನಿಮಗೂ ಅಷ್ಟೇ. ಪೂರ್ಣ ಮಟ್ಟ 124.80 ಅಡಿ. ಒಂದು ಬಂಡೆ ಅಥವಾ ಮರದ ಬೊಡ್ಡೆ ಕಂಡಾಗ ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಅಂದಿನ ಮಟ್ಟವನ್ನೂ ಬರೆಯಿರಿ. ಮಟ್ಟ 112 ಅಡಿ ಇದ್ದಾಗ ತಲೆ ನೀರಿನ ಸಮಕ್ಕಿದ್ದ ಬಂಡೆ 115ಕ್ಕೆ ಮೂರು ಅಡಿ ಆಳದಲ್ಲಿರುತ್ತದೆ: ಕಣ್ಣಿಗೆ ಬೀಳದು, ಆದರೆ ದೋಣಿಯ ತಳದಿಂದ ನೀರಿಗೆ ಪೂರ್ತಿ ಇಳಿಸಿದ ಹಲಗೆಗೆ (ಸೆಂಟರ್‌ಬೋರ್ಡ್) ತಗಲುತ್ತದೆ. ಇನ್ನೊಂದು ಅಪಾಯ ತಲೆಯ ಮೇಲಿನದು. ಹಿನ್ನೀರಿನ ಕೊನೆಗಳಲ್ಲಿ ವಿದ್ಯುತ್ ತಂತಿ ನೀರನ್ನು ದಾಟುವ ಕಡೆ, ಮಟ್ಟ ಏರಿದಷ್ಟೂ ತಂತಿಗೂ ದೋಣಿಯ ಅಲ್ಯೂಮಿನಿಯಂ ಹಾಯಿಕಂಬಕ್ಕೂ ಅಂತರ ಕಮ್ಮಿಯಾಗುತ್ತದೆ. ತಂತಿ ಕಂಡರೆ ಅದರ ಕೆಳಗೆ ಹೋಗುವ ಯೋಚನೆಯೇ ಬೇಡ.

ಪ್ರಶ್ನೆ: ಊಟಕ್ಕೆ ನಿಲ್ಲಿಸಿದಾಗ ನಮ್ಮ ಲಂಗರು ನಿಲ್ಲುವುದೇ ಇಲ್ಲ, ದೋಣಿ ಜಾರುತ್ತ ಹೋಗುತ್ತದೆ. ನಾಲ್ಕು ಕೊಕ್ಕೆಯ, ಎರಡು ಕೆ.ಜಿ.ಯ ಲಂಗರು, 30 ಅಡಿ ನೈಲಾನ್ ಹಗ್ಗ. ಇನ್ನೂ ಭಾರದ್ದು ಕೊಳ್ಳಬೇಕೆ?
– ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಭಾರ ಆಮೇಲಿನ ಮಾತು, ಮೊದಲು ಹಗ್ಗ. ನೀರಿನ ಆಳ 10 ಅಡಿ ಎಂದಿಟ್ಟುಕೊಳ್ಳಿ, ದೋಣಿಯ ಮೂತಿ ನೀರಿನಿಂದ 2 ಅಡಿ ಎತ್ತರ, ಒಟ್ಟು 12. ಅದರ ಐದರಷ್ಟು, 60 ಅಡಿ ಬಿಡಬೇಕು. ಗಾಳಿ ಜೋರಿದ್ದರೆ ಏಳರಷ್ಟು, 84 ಅಡಿ. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಬಿದ್ದು ಕೊಕ್ಕೆ ಕಿತ್ತುಬರುತ್ತದೆ. ಎಳೆತ ನೆಲಕ್ಕೆ ಸಮನಾಗಿರಲೆಂದೇ ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೂರು ಮೀಟರ್ ಸರಪಳಿ ಹಾಕುವುದು. ಸರಪಳಿ ಕೂಡಿಸುವ ಕೊಂಡಿಯ (ಶ್ಯಾಕಲ್) ಪಿನ್ನನ್ನು ಗಟ್ಟಿ ತಂತಿಯಿಂದ ಬಿಗಿದು ಕಟ್ಟಿ, ಇಲ್ಲವಾದರೆ ತಿರುತಿರುಗಿ ಸಡಿಲವಾಗುತ್ತದೆ.

ನಾಲ್ಕು ಕೊಕ್ಕೆಯದು ಬಂಡೆಗೆ ಸರಿ. ಹೂಳಿನಲ್ಲಿ ಅದು ಬರಿದೇ ಕೆರೆಯುತ್ತದೆ. ಮಡಚುವ ಎರಡು ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿ ಕೊಳ್ಳಿ, ಸಣ್ಣ ದೋಣಿಗೆ ನಾಲ್ಕು ಕೆ.ಜಿ. ಸಾಕು. ಎಸೆಯಬೇಡಿ. ದೋಣಿಯನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ನೆಲ ಮುಟ್ಟುವವರೆಗೆ ಇಳಿಬಿಟ್ಟು, ದೋಣಿ ಹಿಂದೆ ಸರಿದಂತೆ ಹಗ್ಗ ಬಿಡುತ್ತ ಹೋಗಿ, ಕೊನೆಗೆ ತಡೆದು ಹಿಡಿಯಿರಿ. ಕಚ್ಚಿತೇ ಎಂದು ತಿಳಿಯಲು ದಡದಲ್ಲಿ ಒಂದರ ಹಿಂದೆ ಒಂದಿರುವ ಎರಡು ವಸ್ತು, ಒಂದು ತೆಂಗಿನ ಮರ, ಅದರ ಹಿಂದಿನ ಮನೆಯ ಮೂಲೆ, ನೋಡಿಕೊಳ್ಳಿ. ಅವು ಬೇರೆಯಾಗಿ ಸರಿಯುತ್ತ ಹೋದರೆ ಲಂಗರು ಜಾರುತ್ತಿದೆ ಎಂದರ್ಥ.

ಮುಳುಗಿದ ಬೇರುಗಳಿರುವ ಕಡೆ ಲಂಗರಿನ ತಲೆಗೆ, ಅಂದರೆ ರೆಕ್ಕೆಗಳು ಕೂಡುವ ಜಾಗಕ್ಕೆ, ಇನ್ನೊಂದು ತೆಳು ಹಗ್ಗ ಕಟ್ಟಿ ಅದರ ತುದಿಗೆ ಖಾಲಿ ಬಾಟಲಿ ತೇಲಿಬಿಡಿ. ಸಿಕ್ಕಿಕೊಂಡಾಗ ಆ ಹಗ್ಗ ಎಳೆದರೆ ಹಿಮ್ಮುಖವಾಗಿ ಕಳಚುತ್ತದೆ. ಮೀನುಗಾರರ ಬಲೆಗೂ ಬಾಟಲಿಯೇ ಬೆಂಡು, ನಿಮ್ಮದಕ್ಕೆ ಬಣ್ಣ ಬಳಿಯಿರಿ.

ಪ್ರಶ್ನೆ: ಏಪ್ರಿಲ್, ಮೇ ರಜೆಯಲ್ಲಿ ಮಧ್ಯಾಹ್ನ ಹೊರಡಬಹುದೆ? ಪಟ ಚಿಕ್ಕದು ಮಾಡುವುದು ಯಾವಾಗ?
– ಶ್ರೀರಂಗಪಟ್ಟಣ

ಉತ್ತರ: ಮಧ್ಯಾಹ್ನ ಬೇಡ. ಮುಂಗಾರುಪೂರ್ವ ಗುಡುಗು ಮಳೆ ಹೆಚ್ಚಾಗಿ ಮೂರರ ಮೇಲೆ, ಎರಡಕ್ಕೆ ದಡದಲ್ಲಿರಿ. ಕಪ್ಪು ಮೋಡದಿಂದ ತಣ್ಣನೆ ಗಾಳಿ ತಾಕಿತೆಂದರೆ ಪಟ ಇಳಿಸುವುದಷ್ಟೇ ಉಳಿದಿರುವ ಕೆಲಸ. ಗಾಳಿ ಬಂದಾಗ ತೂರಿಕೊಳ್ಳುವುದು ಕಣದಲ್ಲಿ ಸರಿ, ಇಲ್ಲಲ್ಲ.

ಮಾಮೂಲಿ ದಿನಗಳಲ್ಲಿ ಅಲೆಯ ತಲೆ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡಾಗ ಮೈನ್‌ಸೇಲ್‌ಗೆ (ದೊಡ್ಡ ಪಟಕ್ಕೆ) ಮೊದಲ ರೀಫ್ ಹಾಕಿ, ಅಂದರೆ ಅದರ ಕೆಳಭಾಗವನ್ನು ಮಡಚಿ ಕಟ್ಟಿ ಚಿಕ್ಕದು ಮಾಡಿ. ಕ್ರಮ ತಪ್ಪಿದರೆ ಬಟ್ಟೆ ಹರಿಯುತ್ತದೆ: ಹ್ಯಾಲಿಯಾರ್ಡ್ (ಪಟ ಏರಿಸುವ ಹಗ್ಗ) ಸಡಿಲಿಸಿ, ಕಂಬದ ಬದಿಯ ರೀಫ್ ಕಣ್ಣನ್ನು (ಪಟದಲ್ಲಿರುವ ತೂತು) ಕೊಕ್ಕೆಗೆ ಹಾಕಿ, ಹ್ಯಾಲಿಯಾರ್ಡ್ ಬಿಗಿಗೊಳಿಸಿ, ಆಮೇಲೆ ಬೂಮ್ (ಪಟದ ಕೆಳಅಂಚಿನ ಅಡ್ಡಗಳು) ತುದಿಯ ಹಗ್ಗ ಎಳೆಯಿರಿ. ನಡುವಿನ ಸಣ್ಣ ದಾರಗಳು ಕೊನೆಗೆ, ಅದೂ ಸಡಿಲವಾಗಿ. ಭಾರವೆಲ್ಲ ಅವುಗಳ ಮೇಲೆ ಬಿದ್ದರೆ ಪಟ ಆ ತೂತುಗಳಿಂದಲೇ ಸೀಳುತ್ತದೆ. ಬಿಚ್ಚುವಾಗ ಅವೇ ಮೊದಲು.

ಪ್ರಶ್ನೆ: ಹದಿನೆಂಟು ಅಡಿಯ ದೋಣಿಯನ್ನು ಟ್ರೈಲರ್ ಮೇಲೆ ಒಯ್ದು ಡಿಸೆಂಬರಿನಲ್ಲಿ ಮಲ್ಪೆಯಿಂದ ಕಾರವಾರಕ್ಕೆ ಹೋಗುವ ಯೋಜನೆ ಇದೆ. ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು?
– ವಿಜಯನಗರ, ಮೈಸೂರು

ಉತ್ತರ: ದಿಕ್ಕನ್ನೇ ತಿರುಗಿಸಿ. ಆ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ ಹಗುರ ಗಾಳಿ. ಮಧ್ಯಾಹ್ನದ ಮೇಲೆ ವಾಯವ್ಯದ ಸಮುದ್ರಗಾಳಿ. ಉತ್ತರಕ್ಕೆ ಹೋದರೆ ದಿನಾ ಮಧ್ಯಾಹ್ನ ಅದಕ್ಕೆ ಎದುರು. ದಕ್ಷಿಣಕ್ಕೆ ಬಂದರೆ ಬೆಳಿಗ್ಗೆ ಅಡ್ಡಗಾಳಿ, ಮಧ್ಯಾಹ್ನ ಬೆನ್ನಗಾಳಿ. ಕಾರವಾರದ ದಕ್ಷಿಣಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ ಇರುವುದರಿಂದ ಆ ತುಂಡನ್ನು ಬಿಟ್ಟು ತದಡಿಯಿಂದ ಆರಂಭಿಸಿ.

ಒಂದು ಅಕ್ಷಾಂಶ ನಿಮಿಷ ಒಂದು ನಾಟಿಕಲ್ ಮೈಲಿ (1.85 ಕಿ.ಮೀ.), ಹಾಗಾಗಿ ಉತ್ತರ-ದಕ್ಷಿಣದ ಕರಾವಳಿಯಲ್ಲಿ ದೂರವನ್ನು ನಕ್ಷೆಯ ಅಂಚಿನಲ್ಲೇ ಓದಬಹುದು. ತದಡಿಯಿಂದ ಹೊನ್ನಾವರ ಸುಮಾರು 15, ಅಲ್ಲಿಂದ ಭಟ್ಕಳ 20, ಗಂಗೊಳ್ಳಿ 20, ಮಲ್ಪೆ 18 ಮೈಲಿ. ಗಂಟೆಗೆ ಮೂರು ಮೈಲಿಯಂತೆ 20 ಮೈಲಿಗೆ ಏಳು ಗಂಟೆ, ದಿನಕ್ಕೆ ಅದೇ ಮಿತಿ.

ತೊಂದರೆ ಕೊಡುವುದು ತೆರೆದ ಕಡಲಿಗಿಂತ ಅಳಿವೆ ಬಾಯಿ. ಹೊನ್ನಾವರ, ಗಂಗೊಳ್ಳಿಗಳಲ್ಲಿ ಮರಳು ದಿಬ್ಬವಿದೆ. ಇಳಿತದಲ್ಲಿ ಹೊರಗೆ ನುಗ್ಗುವ ಹೊಳೆ ನೀರು ಒಳಬರುವ ಅಲೆಗೆ ಡಿಕ್ಕಿ ಹೊಡೆದು ಅಲೆ ಕಡಿದಾಗಿ ಒಡೆಯುತ್ತದೆ, ಸಣ್ಣ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಭರತ ಏರುತ್ತಿರುವಾಗಲೇ ಒಳಗೆ ಹೋಗಿ. ಅಂದಂದಿನ ದಾರಿಯನ್ನು ಮೀನುಗಾರರನ್ನು ಕೇಳಿ, ಮರಳು ಜಾಗ ಬದಲಿಸುತ್ತಿರುತ್ತದೆ. ಹೊತ್ತು ತಪ್ಪಿದರೆ ಹೊರಗೇ ಕಾಯಿರಿ. ಕತ್ತಲಾದರೆ ಏಳು ಮೀಟರಿಗಿಂತ ಚಿಕ್ಕ ಹಾಯಿ ದೋಣಿಗೆ ಕನಿಷ್ಠ ಒಂದು ಪ್ರಖರ ಟಾರ್ಚ್ ಕೈಗೆಟುಕುವಂತಿರಬೇಕು, ಮೀನು ಹಿಡಿಯುವ ಟ್ರಾಲರ್ ಹತ್ತಿರವಾದಾಗ ಅದನ್ನು ಪಟದ ಮೇಲೆ ಬಿಡಿ. ಪ್ರತಿ ಹಂತದ ವೇಳೆಯನ್ನು ಕರಾವಳಿ ಕಾವಲು ಪೊಲೀಸರಿಗೆ ಬರೆದುಕೊಡಿ. ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554. ವಿದೇಶದಿಂದ ತರಿಸಿದ ಸ್ಯಾಟಲೈಟ್ ಫೋನು, ಮೆಸೆಂಜರ್‌ಗಳನ್ನು ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ, ಅವನ್ನು ನೆಚ್ಚಿ ಹೊರಡಬೇಡಿ.

ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್, ಮೇಲೆ ಒಂದು ದಿನದ್ದು ಹೆಚ್ಚಿಗೆ. 20 ಲೀಟರಿನ ಒಂದು ಕ್ಯಾನಿಗಿಂತ 5 ಲೀಟರಿನ ನಾಲ್ಕು ಲೇಸು: ಒಂದು ಒಡೆದರೂ ಮೂರು ಉಳಿಯುತ್ತವೆ. ಸೆಂಟರ್‌ಬೋರ್ಡ್ ಪೆಟ್ಟಿಗೆಯ ಎರಡೂ ಬದಿಗೆ ತಗ್ಗಿನಲ್ಲಿ ಕಟ್ಟಿ.